ಮೋಟರ್‌ಹೋಮ್ ಹಿಂದೆ ಕಾರು ಕಟ್ಟುವ ಮುನ್ನ: ಒಟ್ಟು ಉದ್ದವನ್ನು ಅಳೆದು ನೋಡುವುದು ಹೇಗೆ?

ಲಾಸ್ ವೇಗಸ್‌ನಿಂದ ಲಾಸ್ ಏಂಜಲೀಸ್ ಕಡೆಗೆ ಸಾಗುವ 15ನೇ ಅಂತರರಾಜ್ಯ ಹೆದ್ದಾರಿಯಲ್ಲಿ ಪ್ರಿಮ್ ಎಂಬ ಸಣ್ಣ ಊರನ್ನು ದಾಟಿದೊಡನೆ ನೆವಾಡ ರಾಜ್ಯ ಮುಗಿದು ಕ್ಯಾಲಿಫೋರ್ನಿಯಾ ಆರಂಭವಾಗುತ್ತದೆ. ರಸ್ತೆ ಅದೇ, ಮರುಭೂಮಿಯೂ ಅದೇ. ಆದರೆ ಹಿಂದೆ ಕಾರು ಕಟ್ಟಿಕೊಂಡು ಬರುವ ಮೋಟರ್‌ಹೋಮ್‌ನ ಒಟ್ಟು ಉದ್ದ 68 ಅಡಿ ಇದ್ದರೆ, ಅದು ಗಡಿಯ ಈಚೆಗೆ ಕಾನೂನುಬದ್ಧ ವಾಹನ, ಆಚೆಗೆ ಕಾನೂನು ಮೀರಿದ ವಾಹನ. ಜೋಡಿಸಿದ ವಾಹನಗಳ ಒಟ್ಟು ಉದ್ದಕ್ಕೆ ನೆವಾಡದಲ್ಲಿ 70 ಅಡಿಯವರೆಗೆ ಅವಕಾಶವಿದೆ. ಕ್ಯಾಲಿಫೋರ್ನಿಯಾದಲ್ಲಿ ಇರುವುದು 65 ಅಡಿ ಮಾತ್ರ.

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ನಿವೃತ್ತಿಯ ನಂತರ ಮೋಟರ್‌ಹೋಮ್ ಕೊಂಡು ದೇಶ ಸುತ್ತಬೇಕೆಂದು ಯೋಚಿಸುವವರಿದ್ದಾರೆ. ಊರಿನಿಂದ ಬಂದ ತಂದೆತಾಯಿಯನ್ನು ಹೀಗೆ ಕರೆದೊಯ್ಯಬೇಕೆಂದು ಬಯಸುವ ಮಕ್ಕಳೂ ಇದ್ದಾರೆ. ಹಾಸಿಗೆ, ಒಲೆ, ಬಚ್ಚಲು ಎಲ್ಲವೂ ಒಳಗೇ ಇರುವ ಈ ದೊಡ್ಡ ಗಾಡಿಯನ್ನು ಒಮ್ಮೆ ಶಿಬಿರದ ಜಾಗದಲ್ಲಿ ನಿಲ್ಲಿಸಿ ನೀರು, ವಿದ್ಯುತ್ ಸಂಪರ್ಕ ಕೊಟ್ಟ ಮೇಲೆ, ಹಾಲು ತರಿಸಲೆಂದೋ ಔಷಧಿ ಅಂಗಡಿಗೆಂದೋ ಮತ್ತೆ ಎಲ್ಲವನ್ನೂ ಕಳಚಿ ಹೊರಡುವುದು ಆಗದ ಮಾತು. ಆದ್ದರಿಂದಲೇ ಹಿಂದೆ ಒಂದು ಚಿಕ್ಕ ಕಾರನ್ನು ಕಟ್ಟಿಕೊಂಡು ಹೋಗುವ ಪದ್ಧತಿ ಬೆಳೆದಿದೆ. ಇಂಥ ಪ್ರವಾಸಕ್ಕೆ ಸಿದ್ಧರಾಗುವವರು ಎಂಜಿನ್ ಶಕ್ತಿಯನ್ನೂ ಹಿಂದಿನ ವಾಹನವನ್ನು ಜೋಡಿಸುವ ಕೊಂಡಿಯಾದ ಹಿಚ್‌ನ ತೂಕದ ಮಿತಿಯನ್ನೂ ಚೆನ್ನಾಗಿ ವಿಚಾರಿಸುತ್ತಾರೆ. ಉದ್ದವನ್ನು ವಿಚಾರಿಸುವವರು ಕಡಿಮೆ. ನನ್ನ ದೃಷ್ಟಿಯಲ್ಲಿ ಮೊದಲು ವಿಚಾರಿಸಬೇಕಾದದ್ದು ಅದನ್ನೇ, ಏಕೆಂದರೆ ಕೊಂಡ ಮೇಲೆ ವಾಹನದ ಉದ್ದವನ್ನು ಕಡಿಮೆ ಮಾಡಲು ಬರುವುದಿಲ್ಲ.

ಕಾನೂನು ನೋಡುವ ಎರಡು ಅಳತೆಗಳು

ಅಮೆರಿಕದಲ್ಲಿ ಖಾಸಗಿ ಮೋಟರ್‌ಹೋಮ್‌ಗಳ ಉದ್ದವನ್ನು ನಿಗದಿ ಮಾಡುವುದು ಆಯಾ ರಾಜ್ಯದ ಕಾನೂನು. ಇಡೀ ದೇಶಕ್ಕೆ ಅನ್ವಯಿಸುವ ಒಂದೇ ಸಂಖ್ಯೆ ಇಲ್ಲ. ಪ್ರತಿ ರಾಜ್ಯದಲ್ಲಿಯೂ ಎರಡು ಅಳತೆಗಳನ್ನು ಬೇರೆ ಬೇರೆಯಾಗಿ ಗಮನಿಸಬೇಕು. ಮೊದಲನೆಯದು ಮೋಟರ್‌ಹೋಮ್‌ನ ಉದ್ದ. ಎರಡನೆಯದು ಅದರ ಮುಂದಿನ ತುದಿಯಿಂದ ಹಿಂದೆ ಕಟ್ಟಿದ ವಾಹನದ ಕೊನೆಯ ತುದಿಯವರೆಗಿನ ಒಟ್ಟು ಉದ್ದ. ಒಂದರಲ್ಲಿ ತೇರ್ಗಡೆಯಾದ ಮಾತ್ರಕ್ಕೆ ಇನ್ನೊಂದರಲ್ಲಿಯೂ ತೇರ್ಗಡೆಯಾದಂತೆ ಅಲ್ಲ.

ಕ್ಯಾಲಿಫೋರ್ನಿಯಾದ ವಾಹನ ಸಂಹಿತೆಯಲ್ಲಿ ಮೋಟರ್‌ಹೋಮ್‌ಗೆ ‘ಹೌಸ್ ಕಾರ್’ ಎಂಬ ಹೆಸರಿದೆ. ಸಂಹಿತೆಯ 35400ನೇ ಕಲಮಿನ ಪ್ರಕಾರ ಒಂಟಿ ವಾಹನದ ಸಾಮಾನ್ಯ ಮಿತಿ 40 ಅಡಿ, ಅಂದರೆ ಸುಮಾರು 12.2 ಮೀಟರ್. ಬೆಂಗಳೂರಿನ ವೋಲ್ವೊ ನಗರ ಸಾರಿಗೆ ಬಸ್ಸಿನ ಉದ್ದವೂ ಹೆಚ್ಚುಕಡಿಮೆ ಇಷ್ಟೇ ಎಂಬುದನ್ನು ನೆನೆದರೆ ಗಾಡಿಯ ಗಾತ್ರ ಕಣ್ಣಮುಂದೆ ಬರುತ್ತದೆ. ಅದೇ ಕಲಮು ಹೌಸ್ ಕಾರ್‌ಗಳಿಗೆ 45 ಅಡಿಯವರೆಗೆ ವಿನಾಯಿತಿ ನೀಡುತ್ತದೆಯಾದರೂ ಆ ವಿನಾಯಿತಿ ಎಲ್ಲ ರಸ್ತೆಗಳಿಗೆ ಅನ್ವಯಿಸುವುದಿಲ್ಲ. ಆ ವಿಷಯಕ್ಕೆ ಮುಂದೆ ಬರುತ್ತೇನೆ. 35401ನೇ ಕಲಮು ಜೋಡಿಸಿದ ವಾಹನಗಳ ಒಟ್ಟು ಉದ್ದವನ್ನು 65 ಅಡಿಗೆ, ಅಂದರೆ ಸುಮಾರು 19.8 ಮೀಟರಿಗೆ ಮಿತಿಗೊಳಿಸುತ್ತದೆ. ಅರಿಜೋನ ಮತ್ತು ಟೆಕ್ಸಸ್ ರಾಜ್ಯಗಳಲ್ಲಿಯೂ ಒಟ್ಟು ಉದ್ದಕ್ಕೆ 65 ಅಡಿಯ ಮಿತಿಯೇ ಇದೆ.

ಮೊದಲ ಹೆಜ್ಜೆ: ಕಾಗದದ ಅಳತೆಯನ್ನು ಬದಿಗಿಟ್ಟು ಟೇಪು ಹಿಡಿಯುವುದು

ಮೋಟರ್‌ಹೋಮ್‌ನ ಮಾದರಿಯ ಹೆಸರಿನಲ್ಲಿ 36 ಅಥವಾ 40 ಎಂಬ ಅಂಕಿ ಇದ್ದ ಮಾತ್ರಕ್ಕೆ ಅದರ ಉದ್ದ ಅಷ್ಟೇ ಅಡಿ ಎಂದು ತಿಳಿಯಬಾರದು. ಅದು ತಯಾರಕರು ಇಟ್ಟುಕೊಂಡ ಗುರುತೇ ಹೊರತು ಅಳತೆಯ ಪ್ರಮಾಣಪತ್ರವಲ್ಲ. ಟ್ರೇಲರ್‌ಗಳ ವಿಷಯದಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು: ಸಾಮಾನು ಸಾಗಿಸುವ ಮುಚ್ಚಿದ ಟ್ರೇಲರ್ ಅನ್ನು 24 ಅಡಿಯದು ಎಂದು ಮಾರುವಾಗ ಸಾಮಾನ್ಯವಾಗಿ ಪೆಟ್ಟಿಗೆಯ ಉದ್ದವನ್ನಷ್ಟೇ ಹೇಳುತ್ತಾರೆ, ಮುಂದೆ ಚಾಚಿಕೊಂಡಿರುವ ಮೂತಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೂತಿಗೆ ನಾಲ್ಕು ಅಡಿ ಸೇರಿಸಿದರೆ ಟ್ರೇಲರ್‌ನ ಉದ್ದ 28 ಅಡಿಯಾಗುತ್ತದೆ. ಆಗ 65 ಅಡಿಯ ಮಿತಿಯಲ್ಲಿ ಮೋಟರ್‌ಹೋಮ್‌ಗೆ ಉಳಿಯುವುದು 37 ಅಡಿ.

ಅಳೆಯುವ ಕ್ರಮ ಹೀಗಿದೆ. ಏರಿಳಿತವಿಲ್ಲದ, ಖಾಲಿಯಾದ, ಉದ್ದನೆಯ ಜಾಗವನ್ನು ಆರಿಸಿಕೊಳ್ಳಿ. ಪ್ರವಾಸಕ್ಕೆ ಹೊರಡುವಾಗ ಏನೇನು ಇರುತ್ತದೆಯೋ ಎಲ್ಲವನ್ನೂ ಜೋಡಿಸಿ: ಹಿಂಬದಿಯ ಏಣಿ, ಕಾರಿನ ಹಿಂದಿನ ಸೈಕಲ್ ಕಟ್ಟು, ಹಿಚ್‌ಗೆ ಹಾಕಿದ ಹೆಚ್ಚುವರಿ ಕೊಂಡಿ, ಯಾವುದನ್ನೂ ಬಿಡಬೇಡಿ. ಮೋಟರ್‌ಹೋಮ್‌ಗೂ ಕಾರಿಗೂ ನಡುವೆ ಇರುವ ಎಳೆಯುವ ದಂಡವಾದ ಟೋ ಬಾರ್‌ಗೆ ಕಾರನ್ನು ಕಟ್ಟಿ, ಇಡೀ ಜೋಡಿಯನ್ನು ಹತ್ತಿಪ್ಪತ್ತು ಅಡಿ ನೇರವಾಗಿ ಮುಂದಕ್ಕೆ ಎಳೆದು ನಿಲ್ಲಿಸಿ. ಹೀಗೆ ಎಳೆದಾಗ ಟೋ ಬಾರ್‌ನ ಬಾಹುಗಳು ಪೂರ್ತಿ ಚಾಚಿಕೊಂಡು ಬಿಗಿಯಾಗುತ್ತವೆ. ರಸ್ತೆಯಲ್ಲಿ ಇರುವ ಸ್ಥಿತಿ ಅದೇ ಆದ್ದರಿಂದ ಅಳೆಯಬೇಕಾದದ್ದೂ ಅದೇ ಸ್ಥಿತಿಯಲ್ಲಿ. ಬಾಹುಗಳು ಮಡಚಿದ್ದಾಗ ಅಳೆದರೆ ಲೆಕ್ಕ ತಪ್ಪುತ್ತದೆ.

ಆಮೇಲೆ ಗಾರೆ ಕೆಲಸದವರು ಗೋಡೆಯ ನೇರ ನೋಡಲು ಬಳಸುವ ತೂಗುಗುಂಡನ್ನು ತೆಗೆದುಕೊಂಡು, ಮೋಟರ್‌ಹೋಮ್‌ನ ಮುಂಭಾಗದಲ್ಲಿ ಅತ್ಯಂತ ಮುಂದಕ್ಕೆ ಚಾಚಿರುವ ಬಿಂದುವಿನಿಂದ ಕೆಳಕ್ಕೆ ಇಳಿಬಿಟ್ಟು, ಅದು ನೆಲ ಮುಟ್ಟುವಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿ. ಕಾರಿನ ಅತ್ಯಂತ ಹಿಂದಿನ ಬಿಂದುವಿನಲ್ಲಿಯೂ ಹಾಗೆಯೇ ಮಾಡಿ. ಎರಡು ಗುರುತುಗಳ ನಡುವಿನ ದೂರವನ್ನು 100 ಅಡಿಯ ಟೇಪಿನಿಂದ ನೆಲದ ಮೇಲೆಯೇ ಅಳೆಯಿರಿ. ತೂಗುಗುಂಡು ಇಲ್ಲದಿದ್ದರೆ ದಾರಕ್ಕೆ ಒಂದು ನಟ್ಟು ಕಟ್ಟಿದರೂ ಸಾಕು. ಟೇಪನ್ನು ಗಾಡಿಯ ಮೈಗೆ ತಾಗಿಸಿ ಹಿಡಿದರೆ ಉಬ್ಬುತಗ್ಗುಗಳಲ್ಲಿ ಅಂಗುಲಗಳು ಕೂಡಿಕೊಳ್ಳುತ್ತವೆ. ಮಿತಿಗೆ ಹತ್ತಿರವಿರುವವರಿಗೆ ಆ ಅಂಗುಲಗಳು ಮುಖ್ಯ.

ಎರಡನೆಯ ಹೆಜ್ಜೆ: ಕೊಳ್ಳುವ ಮುನ್ನ ಕಳೆಯುವ ಲೆಕ್ಕ

ವಾಹನಗಳು ಇನ್ನೂ ಕೈಯಲ್ಲಿ ಇಲ್ಲದವರು ಲೆಕ್ಕವನ್ನು ಹಿಂದಿನಿಂದ ಮಾಡಬೇಕು. ಒಂದು ಉದಾಹರಣೆ ನೋಡೋಣ. ನಾಲ್ಕೂ ಚಕ್ರ ನೆಲದ ಮೇಲಿದ್ದಂತೆಯೇ ಎಳೆಯಲು ತಯಾರಕರೇ ಅನುಮತಿಸುವ ಕಾರುಗಳಲ್ಲಿ ಜೀಪ್ ರಾಂಗ್ಲರ್ ಹೆಸರುವಾಸಿ. ‘ಜೆಎಲ್’ ಪೀಳಿಗೆಯ ನಾಲ್ಕು ಬಾಗಿಲಿನ ರಾಂಗ್ಲರ್‌ನ ಉದ್ದ 188.4 ಅಂಗುಲ, ಅಂದರೆ 15.7 ಅಡಿ. 45 ಅಡಿಯ ಮೋಟರ್‌ಹೋಮ್ ಹಿಂದೆ ಇದನ್ನು ಕಟ್ಟಬೇಕೆಂದರೆ ಎರಡರ ಉದ್ದ ಸೇರಿ 60.7 ಅಡಿಯಾಗುತ್ತದೆ. ಕ್ಯಾಲಿಫೋರ್ನಿಯಾದ 65 ಅಡಿಯಲ್ಲಿ ಇದನ್ನು ಕಳೆದರೆ ಗಾಡಿಗೂ ಕಾರಿಗೂ ನಡುವಿನ ಅಂತರಕ್ಕೆ ಉಳಿಯುವುದು 4.3 ಅಡಿ ಮಾತ್ರ. ಟೋ ಬಾರ್ ಚಾಚಿಕೊಂಡಾಗ ಈ ಅಂತರ ನಾಲ್ಕೈದು ಅಡಿ ಇರುವುದು ಸಾಮಾನ್ಯ. ಹೀಗಾಗಿ ಈ ಜೋಡಿ ಮಿತಿಯೊಳಗೆ ಇರುತ್ತದೆಯೋ ಮೀರುತ್ತದೆಯೋ ಎಂಬುದು ಟೋ ಬಾರ್‌ನ ಮಾದರಿಯ ಮೇಲೆ ನಿಲ್ಲುತ್ತದೆ. ಜೀಪಿನ ಹಿಂದೆ ಸೈಕಲ್ ಕಟ್ಟು ಹಾಕಿದರಂತೂ ಮೀರುವುದು ಬಹುತೇಕ ಖಚಿತ. ಅದೇ ಪೀಳಿಗೆಯ ಎರಡು ಬಾಗಿಲಿನ ರಾಂಗ್ಲರ್‌ನ ಉದ್ದ 166.8 ಅಂಗುಲ, ಅಂದರೆ 13.9 ಅಡಿ. ಅದನ್ನು ಆರಿಸಿಕೊಂಡರೆ ನಡುವೆ ಆರು ಅಡಿಗೂ ಹೆಚ್ಚು ಉಳಿದು ಚಿಂತೆ ತಪ್ಪುತ್ತದೆ. ಮೋಟರ್‌ಹೋಮ್ 40 ಅಡಿಯದಾದರೆ ಯಾವ ಜೀಪು ಕಟ್ಟಿದರೂ ಒಟ್ಟು ಉದ್ದ ಆರಾಮವಾಗಿ ಮಿತಿಯೊಳಗೆ ನಿಲ್ಲುತ್ತದೆ.

ಎಲ್ಲ ಕಾರುಗಳನ್ನೂ ಹೀಗೆ ನಾಲ್ಕು ಚಕ್ರಗಳ ಮೇಲೆ ಎಳೆಯಲಾಗುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಅನೇಕ ಆಟೊಮ್ಯಾಟಿಕ್ ಕಾರುಗಳಲ್ಲಿ ಎಂಜಿನ್ ನಿಂತಾಗ ಗೇರ್‌ಪೆಟ್ಟಿಗೆಯೊಳಗೆ ಎಣ್ಣೆಯ ಹರಿವೂ ನಿಲ್ಲುವುದರಿಂದ, ಚಕ್ರಗಳು ತಿರುಗುತ್ತಿದ್ದರೆ ಒಳಗಿನ ಭಾಗಗಳು ಸುಟ್ಟುಹೋಗುತ್ತವೆ. ಕಾರಿನ ಕೈಪಿಡಿಯಲ್ಲಿ ಈ ಬಗ್ಗೆ ಸ್ಪಷ್ಟ ಸೂಚನೆ ಇರುತ್ತದೆ. ಅಂಥ ಕಾರಿನ ಮುಂದಿನ ಚಕ್ರಗಳನ್ನು ಟೋ ಡಾಲಿ ಎಂಬ ಸಣ್ಣ ಗಾಡಿಯ ಮೇಲೇರಿಸಿಯೋ ಇಡೀ ಕಾರನ್ನು ಟ್ರೇಲರ್ ಮೇಲಿಟ್ಟೋ ಒಯ್ಯಬೇಕಾಗುತ್ತದೆ. ಯಾವ ವಿಧಾನ ಆರಿಸಿದರೂ ಅಳತೆಯನ್ನು ಹೊಸದಾಗಿ ತೆಗೆಯಬೇಕು.

ಮೂರನೆಯ ಹೆಜ್ಜೆ: ಪರವಾನಗಿ

ಕ್ಯಾಲಿಫೋರ್ನಿಯಾದಲ್ಲಿ ಕಾರು ಓಡಿಸುವ ಸಾಮಾನ್ಯ ‘ಸಿ’ ವರ್ಗದ ಪರವಾನಗಿಯಲ್ಲಿಯೇ 40 ಅಡಿಯವರೆಗಿನ ಮೋಟರ್‌ಹೋಮ್ ಓಡಿಸಬಹುದು. ಅದಕ್ಕಿಂತ ಉದ್ದವಾಗಿ 45 ಅಡಿಯವರೆಗೆ ಇದ್ದರೆ ವಾಣಿಜ್ಯೇತರ ‘ಬಿ’ ವರ್ಗದ ಪರವಾನಗಿ ಬೇಕು. ಗಾಡಿಯನ್ನು ಪಾಳಿಯ ಮೇಲೆ ಓಡಿಸುವ ದಂಪತಿಗಳಲ್ಲಿ ಇಬ್ಬರಿಗೂ ಅದು ಇರಬೇಕು. ಈ ಎರಡೂ ಪರವಾನಗಿಗಳಲ್ಲಿ ಒಂದಕ್ಕಿಂತ ಹೆಚ್ಚು ವಾಹನಗಳನ್ನು ಎಳೆಯುವಂತಿಲ್ಲವಾದ್ದರಿಂದ, ಮೋಟರ್‌ಹೋಮ್ ಹಿಂದೆ ಕಾರು, ಕಾರಿನ ಹಿಂದೆ ದೋಣಿಯ ಟ್ರೇಲರ್ ಎಂಬ ಸರಪಳಿಗೆ ಒಟ್ಟು ಉದ್ದ ಎಷ್ಟೇ ಕಡಿಮೆ ಇದ್ದರೂ ಅವಕಾಶವಿಲ್ಲ. ವಾಹನ ಎಳೆಯುವಾಗಿನ ಗರಿಷ್ಠ ವೇಗ ಗಂಟೆಗೆ 55 ಮೈಲಿ. ಬಾಡಿಗೆ ಗಾಡಿ ಪಡೆಯುವವರು, ಹಿಂದೆ ವಾಹನ ಕಟ್ಟಲು ಒಪ್ಪಂದಪತ್ರ ಅನುಮತಿಸುತ್ತದೆಯೇ ಎಂದು ಸಹಿ ಹಾಕುವ ಮುನ್ನವೇ ಓದಿಕೊಳ್ಳಬೇಕು.

ನಾಲ್ಕನೆಯ ಹೆಜ್ಜೆ: ರಸ್ತೆಯನ್ನು ಓದುವುದು

ಉದ್ದದ ಮಿತಿ ಏಕಿದೆ ಎಂಬುದು ತಿರುವಿನಲ್ಲಿ ಅರ್ಥವಾಗುತ್ತದೆ. ಉದ್ದನೆಯ ವಾಹನ ತಿರುಗುವಾಗ ಅದರ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡಿನಲ್ಲಿ ಬರುವುದಿಲ್ಲ. ತಿರುವಿನ ಒಳಮಗ್ಗುಲಿಗೆ ಸರಿದು ಅಡ್ಡಹಾಯುತ್ತವೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಹೆಚ್ಚಿದಷ್ಟೂ ಈ ಸರಿತ ಹೆಚ್ಚು. ಇಕ್ಕಟ್ಟಾದ ಬೆಟ್ಟದ ರಸ್ತೆಯಲ್ಲಿ ಹಿಂದಿನ ಚಕ್ರ ರಸ್ತೆ ಬಿಟ್ಟು ಇಳಿಯದಿರಲಿ ಎಂದು ಚಾಲಕ ಗಾಡಿಯ ಮೂತಿಯನ್ನು ಹೊರಕ್ಕೆ ಒಯ್ದರೆ ಅದು ಎದುರಿನವರ ಪಥಕ್ಕೆ ನುಗ್ಗುತ್ತದೆ. ಆಗುಂಬೆಯ ಘಾಟಿಯಲ್ಲಿ ಬಸ್ಸು ತಿರುಗುವುದನ್ನು ಕಿಟಕಿಯಿಂದ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕಾರಣಕ್ಕೇ ಕ್ಯಾಲಿಫೋರ್ನಿಯಾದಲ್ಲಿ 40ರಿಂದ 45 ಅಡಿಯ ಮೋಟರ್‌ಹೋಮ್‌ಗಳು ಅಂತರರಾಜ್ಯ ಹೆದ್ದಾರಿಗಳಲ್ಲಿ ಮತ್ತು ಅವಕ್ಕೆಂದು ಗುರುತಿಸಿದ ಇತರ ಮಾರ್ಗಗಳಲ್ಲಿ ಮಾತ್ರ ಸಂಚರಿಸಬಹುದು. ಅಂಥ ಮಾರ್ಗಗಳ ನಕ್ಷೆಯನ್ನು ರಾಜ್ಯದ ಸಾರಿಗೆ ಇಲಾಖೆಯಾದ ಕ್ಯಾಲ್‌ಟ್ರಾನ್ಸ್ ಪ್ರಕಟಿಸುತ್ತದೆ. ಇಂಧನ, ಊಟ, ವಸತಿಗಾಗಿ ಹೆದ್ದಾರಿಯಿಂದ ಇಳಿಯಬಹುದಾದರೂ ಆ ಸ್ಥಳ ಗುರುತಿಸಿದ ನಿರ್ಗಮನದಿಂದ ರಸ್ತೆಯ ಅಳತೆಯಲ್ಲಿ ಒಂದು ಮೈಲಿಯೊಳಗೆ ಇರಬೇಕು. ಇದನ್ನು ತಿಳಿಯದೆ 45 ಅಡಿಯ ಗಾಡಿ ಕೊಂಡವರು ತಾವು ಕನಸು ಕಂಡ ಬೆಟ್ಟದ ಹಾದಿಗಳನ್ನೇ ಬಿಡಬೇಕಾಗುತ್ತದೆ. ಸಲಹೆ ಕೇಳಿದವರಿಗೆ ನಾನು ಹೇಳುವುದು ಇದನ್ನೇ: ಕೊನೆಯ ಐದು ಅಡಿಯ ಐಷಾರಾಮಕ್ಕೆ ಪರವಾನಗಿ, ಮಾರ್ಗ, ಒಟ್ಟು ಉದ್ದ ಮೂರರಲ್ಲಿಯೂ ಬೆಲೆ ತೆರಬೇಕಾಗುವುದರಿಂದ 40 ಅಡಿಯೊಳಗಿನ ಗಾಡಿಯನ್ನೇ ಆರಿಸಿಕೊಳ್ಳಿ.

ಕೆಲವು ರಾಷ್ಟ್ರೀಯ ಉದ್ಯಾನಗಳ ನಿಯಮಗಳು ರಾಜ್ಯದ ಮಿತಿಗಿಂತಲೂ ಬಿಗಿಯಾಗಿರುತ್ತವೆ. ಮೊಂಟಾನದ ಗ್ಲೇಸಿಯರ್ ಉದ್ಯಾನದಲ್ಲಿ ‘ಗೋಯಿಂಗ್ ಟು ದ ಸನ್’ ರಸ್ತೆಯ ಅವಲಾಂಚ್ ಮತ್ತು ರೈಸಿಂಗ್ ಸನ್ ನಡುವಿನ ಭಾಗಕ್ಕೆ ಬಂಪರ್ ಸೇರಿ 21 ಅಡಿಗಿಂತ ಉದ್ದದ ವಾಹನಗಳಿಗೆ ಪ್ರವೇಶವಿಲ್ಲ. ಮೋಟರ್‌ಹೋಮ್ ಅನ್ನು ಕೆಳಗಿನ ಶಿಬಿರದಲ್ಲಿ ಬಿಟ್ಟು, ಹಿಂದೆ ಕಟ್ಟಿ ತಂದ ಕಾರಿನಲ್ಲಿ ಹೋಗಬೇಕಾದ ಜಾಗವದು. ಅಪರಿಚಿತ ರಸ್ತೆಗೆ ತಿರುಗುವ ಮುನ್ನ ಇನ್ನೊಂದು ಮಾತು ನೆನಪಿರಲಿ: ಟೋ ಬಾರ್‌ಗೆ ಕಾರು ಕಟ್ಟಿದ ಮೋಟರ್‌ಹೋಮ್ ಅನ್ನು ಹಿಂದಕ್ಕೆ ತೆಗೆದುಕೊಳ್ಳಬಾರದು. ಕಾರಿನ ಮುಂದಿನ ಚಕ್ರಗಳು ಅಡ್ಡ ತಿರುಗಿ ಟೋ ಬಾರ್ ಬಾಗುತ್ತದೆ. ಮುಂದೆ ದಾರಿ ಮುಚ್ಚಿದ್ದರೆ ಕತ್ತಲೆಯೋ ಮಳೆಯೋ ಲೆಕ್ಕಿಸದೆ ಇಳಿದು ಕಾರನ್ನು ಕಳಚಲೇಬೇಕು.

ಬ್ರಿಟನ್ನಿನಲ್ಲಿರುವ ಓದುಗರಿಗೆ ಸಂಕ್ಷೇಪವಾಗಿ ಹೇಳುವುದಾದರೆ, ಅಲ್ಲಿ ಒಂಟಿ ಮೋಟರ್‌ಹೋಮ್‌ನ ಗರಿಷ್ಠ ಉದ್ದ 12 ಮೀಟರ್, ಟ್ರೇಲರ್ ಸೇರಿದ ಒಟ್ಟು ಉದ್ದ 18.75 ಮೀಟರ್. 3,500 ಕಿಲೊವರೆಗಿನ ವಾಹನ ಎಳೆಯುವ ಟ್ರೇಲರ್ 7 ಮೀಟರ್ ಮೀರುವಂತಿಲ್ಲ. ‘ಎ’ ಆಕಾರದ ಚೌಕಟ್ಟಿನಿಂದ ಕಟ್ಟಿ ಎಳೆಯುವ ಕಾರನ್ನು ಅಲ್ಲಿನ ಕಾನೂನು ಟ್ರೇಲರ್ ಎಂದೇ ಪರಿಗಣಿಸುವುದರಿಂದ, ಟ್ರೇಲರಿಗೆ ಇರುವ ಬ್ರೇಕಿನ ನಿಯಮಗಳೂ ಅದಕ್ಕೆ ಅನ್ವಯಿಸುತ್ತವೆ.

ಅಳತೆ ಮೀರಿದರೆ

ಹಲವು ರಾಜ್ಯಗಳನ್ನು ಹಾಯುವ ಪ್ರವಾಸದಲ್ಲಿ ದಾರಿಯ ಅತ್ಯಂತ ಬಿಗಿಯಾದ ರಾಜ್ಯದ ಸಂಖ್ಯೆಯನ್ನೇ ಇಡೀ ಪ್ರವಾಸದ ಮಿತಿ ಎಂದು ಹಿಡಿಯಬೇಕು. ನಿಮ್ಮ ಅಳತೆ ಅದನ್ನು ಮೀರಿದರೆ ಮೊದಲು ನೋಡಬೇಕಾದದ್ದು ಕಳಚಬಹುದಾದ ಭಾಗಗಳನ್ನು. ಸೈಕಲ್ ಕಟ್ಟನ್ನು ಕಾರಿನ ಮೇಲ್ಛಾವಣಿಗೆ ಏರಿಸಿದರೆ ಕೆಲವೊಮ್ಮೆ ಎರಡು ಮೂರು ಅಡಿ ಉಳಿಯುತ್ತದೆ. ಹಿಚ್‌ನ ಹೆಚ್ಚುವರಿ ಕೊಂಡಿಯನ್ನು ಗಿಡ್ಡ ಮಾಡಬೇಕೆಂದರೆ, ತಿರುವಿನಲ್ಲಿ ಕಾರಿನ ಮೂಲೆ ಮೋಟರ್‌ಹೋಮ್‌ಗೆ ತಾಗುವುದಿಲ್ಲ ಎಂಬುದನ್ನು ಖಾಲಿ ಮೈದಾನದಲ್ಲಿ ನಿಧಾನವಾಗಿ ತಿರುಗಿಸಿ ಖಚಿತಪಡಿಸಿಕೊಳ್ಳಬೇಕು. ವಿಶೇಷ ಅನುಮತಿಪತ್ರ ಪಡೆಯೋಣ ಎಂಬ ಯೋಚನೆ ಇಲ್ಲಿ ನಡೆಯುವುದಿಲ್ಲ. ಬಿಡಿಬಿಡಿಯಾಗಿ ಮಾಡಲಾಗದ ಭಾರಿ ಸರಕುಗಳಿಗೆಂದು ಇರುವ ವ್ಯವಸ್ಥೆ ಅದು, ಕಾರನ್ನಾದರೋ ಯಾರು ಬೇಕಾದರೂ ಕಳಚಿ ಬೇರೆಯಾಗಿ ಓಡಿಸಬಹುದು.

ಉಳಿಯುವ ದಾರಿಯೂ ಅದೇ. ಆರಂಭದಲ್ಲಿ ಹೇಳಿದ 68 ಅಡಿಯ ಜೋಡಿ ಪ್ರಿಮ್‌ನಲ್ಲಿ ಹೆದ್ದಾರಿಯಿಂದ ಇಳಿದು, ಸಮತಟ್ಟಾದ ಜಾಗದಲ್ಲಿ ನಿಂತು, ಕಾರಿನ ಕೈಬ್ರೇಕ್ ಹಾಕಿ, ಸುರಕ್ಷತಾ ಸರಪಳಿಗಳನ್ನೂ ದೀಪದ ತಂತಿಯನ್ನೂ ಬಿಡಿಸಿ, ಟೋ ಬಾರ್ ಕಳಚಿ ಮಡಚಿಡಬೇಕು. ಆಮೇಲೆ ಮನೆಯವರಲ್ಲಿ ಪರವಾನಗಿ ಇರುವ ಇನ್ನೊಬ್ಬರು ಕಾರನ್ನು ಓಡಿಸಿಕೊಂಡು ಮೋಟರ್‌ಹೋಮ್ ಹಿಂದೆಯೇ ಗಡಿ ದಾಟಬಹುದು. ಹಿಂತಿರುಗುವಾಗ ಪ್ರಿಮ್ ತಲುಪಿದ ಮೇಲೆ ಮತ್ತೆ ಕಟ್ಟಿಕೊಂಡರಾಯಿತು.