ನೂರು ಗುಲಗಂಜಿ ಲೆಕ್ಕ: ನಾನು ಹೊಗೆಸೊಪ್ಪು ಬಿಟ್ಟಿದ್ದು ಹೀಗೆ

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ, ಅಕ್ಕಸಾಲಿ. ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿ ಮೂವತ್ತು ವರ್ಷಕ್ಕೂ ಮೇಲಿಂದ ಕೂತಿದ್ದೇನೆ. ಅದರಲ್ಲಿ ಇಪ್ಪತ್ತಾರು ವರ್ಷ ಬಾಯಲ್ಲಿ ಏನಾದರೂ ಒತ್ತರಿಸಿಕೊಂಡೇ ಕೂತಿದ್ದು. ಈಗ ಮೂರು ವರ್ಷವಾಯಿತು, ಬಾಯಿ ಖಾಲಿ. ಗುಲಗಂಜಿ, ಅಂದರೆ ಚಿನ್ನ ತೂಗುವ ಸಣ್ಣ ಕೆಂಪು ಬೀಜ, ಇಟ್ಟು ತಕ್ಕಡಿಯಲ್ಲಿ ತೂಗಿ ತೂಗಿ ಬಿಡುತ್ತೇನೆ ಅಂದಾಗ ಇಡೀ ಓಣಿ ನಕ್ಕಿತ್ತು. ಪಕ್ಕದ ಅಂಗಡಿ ಆಚಾರ್ರು "ಚಟ ಏನು ಚಿನ್ನವೇನಯ್ಯಾ, ಗುಲಗಂಜಿ ತೂಕದಲ್ಲಿ ಇಳಿಸೋಕೆ?" ಅಂತ ಹತ್ತು ಗ್ರಾಂ ಬೆಳ್ಳಿ ಪಣ ಕಟ್ಟಿದ್ದರು. ಅದಕ್ಕೇ ಬರೆಯುತ್ತಿದ್ದೇನೆ ಅಂದುಕೊಳ್ಳಿ.

ನಮ್ಮ ಕೆಲಸದವರಿಗೆ ಈ ಚಟ ಹೇಗೆ ಹತ್ತುತ್ತದೆ ಅಂತ ಹೇಳಬೇಕಾಗಿಲ್ಲ. ಬೆಳಗ್ಗೆಯಿಂದ ರಾತ್ರಿವರೆಗೆ ಒಂದೇ ಕಡೆ ಕೂತು, ಕಣ್ಣು ಒಂದೇ ಬಿಂದುವಿನ ಮೇಲಿಟ್ಟು ಕೆಲಸ. ಬಾಯಿಗೆ ಕೆಲಸವಿಲ್ಲ, ಕೊಡುತ್ತೇವೆ. ಕೊನೆಕೊನೆಗೆ ನನ್ನದು ದಿನಕ್ಕೆ ಹದಿನಾಲ್ಕು ಹದಿನೈದು ಜೋಡಿ ಪ್ಯಾಕೆಟ್. ಪಾನ್ ಮಸಾಲ ಒಂದು, ಹೊಗೆಸೊಪ್ಪಿನ ಪುಡಿ ಒಂದು, ಹರಿದು ಅಂಗೈಯಲ್ಲಿ ಬೆರೆಸಿ ಎಸೆದುಕೊಳ್ಳುವುದು. ದಿನಕ್ಕೆ ನೂರೈವತ್ತು ರೂಪಾಯಿ ಹಿಡಿಯಿರಿ, ತಿಂಗಳಿಗೆ ನಾಲ್ಕೂವರೆ ಸಾವಿರ, ವರ್ಷಕ್ಕೆ ಐವತ್ತು ಸಾವಿರದ ಮೇಲೆ. 2021ರ ರೇಟಿಗೆ ಅದು ಹತ್ತು ಗ್ರಾಂ ಚಿನ್ನಕ್ಕಿಂತ ಜಾಸ್ತಿ. ವರ್ಷಕ್ಕೊಂದು ಬಳೆ ಜಗಿದು ಉಗಿದಿದ್ದೇನೆ. ಹೆಂಡತಿಗೆ ಈ ಲೆಕ್ಕ ಇವತ್ತಿಗೂ ಪೂರ್ತಿ ಹೇಳಿಲ್ಲ.

ಬಿಡೋಕೆ ಪ್ರಯತ್ನ ಮಾಡಿಲ್ಲ ಅಂತಲ್ಲ. 2013ರ ಮೇ ಕೊನೆಗೆ ರಾಜ್ಯದಲ್ಲಿ ಗುಟ್ಕಾ ನಿಷೇಧ ಮಾಡಿದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಸಿಗದೇ ಇದ್ದರೆ ತಾನಾಗಿ ಬಿಟ್ಟುಹೋಗುತ್ತದೆ ಅಲ್ವಾ ಅಂದುಕೊಂಡೆ. ಒಂದು ಪ್ಯಾಕೆಟ್ ಹೋಗಿ ಮಸಾಲ ಬೇರೆ, ಸೊಪ್ಪಿನ ಪುಡಿ ಬೇರೆ ಅಂತ ಎರಡು ಪ್ಯಾಕೆಟ್ ಬಂತು, ಅಷ್ಟೇ ಆಗಿದ್ದು.

ಆಮೇಲೆ ಅಯ್ಯಪ್ಪನ ಮಾಲೆ. ನಲವತ್ತೆಂಟು ದಿನ ಒಂದು ಚಿಟಿಕೆ ಮುಟ್ಟಲಿಲ್ಲ. ಮೊದಲ ಮೂರು ದಿನ ನರಕ, ಆಮೇಲೆ ಆರಾಮ. ಸ್ವಾಮಿಯೇ ಬಿಡಿಸಿದ ಅಂತ ಎಲ್ಲರಿಗೂ ಹೇಳಿಕೊಂಡು ಬಂದೆ. ಊರಿಗೆ ಬಂದು ಗುಡಿಯಲ್ಲಿ ಮಾಲೆ ತೆಗೆದೆ. ಸಂಜೆ ಆರೂವರೆಗೆ ಗೂಡಂಗಡಿ ಮುಂದೆ ನಿಂತಿದ್ದೆ. ಮೂರು ವರ್ಷ ಮಾಲೆ ಹಾಕಿದೆ, ಮೂರು ವರ್ಷವೂ ಇದೇ ಕಥೆ. ನನಗೆ ಅನ್ನಿಸುವುದು, ಮಾಲೆ ಹಾಕಿದಾಗ ನಾವು ಬಿಡುವುದಿಲ್ಲ, ಮುಂದಕ್ಕೆ ಹಾಕುತ್ತೇವೆ. ತೆಗೆಯುವ ದಿನ ಗೊತ್ತಿರುತ್ತಲ್ಲ.

ನಡುವೆ ಹೆಂಡತಿ ಟಿವಿ ಜಾಹೀರಾತು ನೋಡಿ ಒಂದು ಪುಡಿ ತರಿಸಿದ್ದಳು. ಗೊತ್ತಾಗದ ಹಾಗೆ ಕಾಫಿಗೆ ಹಾಕಿ ಕೊಡುವುದಂತೆ. ಮೂರು ಸಾವಿರವೋ ಮೂರೂವರೆ ಸಾವಿರವೋ. ಕಾಫಿ ಕೆಟ್ಟಿತು, ಚಟ ಹಾಗೇ ಇತ್ತು. ಡಬ್ಬಿಯ ಮೇಲೆ ಒಳಗೇನಿದೆ ಅಂತಲೂ ಬರೆದಿರಲಿಲ್ಲ.

ನಿಕೋಟಿನ್ ಚ್ಯೂಯಿಂಗ್ ಗಮ್ ಕೂಡ ತಂದೆ, 2 ಮಿಲಿಗ್ರಾಂದು, ಸ್ಟ್ರಿಪ್ ನೂರು ರೂಪಾಯಿ ಆಸುಪಾಸು. ಅದನ್ನು ಅಡಿಕೆ ಜಗಿದ ಹಾಗೆ ಕಟಕಟ ಜಗಿದು ರಸ ನುಂಗಿದೆ. ಬಿಕ್ಕಳಿಕೆ ಹತ್ತಿತು, ಹೊಟ್ಟೆ ಉರಿ, ವಾಕರಿಕೆ. ಮೇಲಿಂದ ಟೀ ಬೇರೆ ಕುಡಿದೆ. ಇದು ಮೋಸ ಅಂತ ಬಿಸಾಡಿದೆ. ತಪ್ಪು ಗಮ್ಮಿನದಲ್ಲ, ನನ್ನದು ಅಂತ ಗೊತ್ತಾಗಿದ್ದು ಐದು ವರ್ಷ ಬಿಟ್ಟು.

ನನ್ನನ್ನು ನಿಜವಾಗಿ ಹೆದರಿಸಿದ್ದು ಊದುಕೊಳವೆ. ಈಗಿನ ಹುಡುಗರು ಗ್ಯಾಸ್ ಟಾರ್ಚ್ ಹಿಡಿಯುತ್ತಾರೆ, ನನಗೆ ಸಣ್ಣ ಬೆಸುಗೆಗೆ ಬಾಯಲ್ಲಿ ಊದಿದರೇ ಸಮಾಧಾನ. 2021ರಲ್ಲಿ ಒಂದು ದಿನ ಬೆಂಕಿಯ ನಾಲಿಗೆ ನಿಲ್ಲುತ್ತಲೇ ಇಲ್ಲ. ಕೆನ್ನೆ ಉಬ್ಬುತ್ತಿಲ್ಲ. ಒಳಗಡೆ ಚರ್ಮದ ಬದಲು ಚಕ್ಕಳ ಹೊಲಿದ ಹಾಗೆ ಬಿಗಿ. ಶಿಳ್ಳೆಯೂ ಬರುತ್ತಿಲ್ಲ. ಸಾರು ಸ್ವಲ್ಪ ಖಾರ ಇದ್ದರೆ ಕಣ್ಣಲ್ಲಿ ನೀರು. ಹಲ್ಲಿನ ಡಾಕ್ಟರ್ ಬಳಿ ಹೋದರೆ ಅವರು "ಮೂರು ಬೆರಳು ಒಟ್ಟಿಗೆ ಬಾಯೊಳಗೆ ಹಾಕಿ" ಅಂದರು. ಎರಡೂ ಸರಿಯಾಗಿ ಹೋಗಲಿಲ್ಲ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತ ಬರೆದರು, ಅಂದರೆ ಬಾಯೊಳಗಿನ ಪದರ ಗಟ್ಟಿಯಾಗಿ ಬಿಗಿಯುವ ಕಾಯಿಲೆ. ಇದು ಕ್ಯಾನ್ಸರಿಗೆ ತಿರುಗಬಹುದು, ಇವತ್ತೇ ಎಲ್ಲ ನಿಲ್ಲಿಸಿ ಅಂದರು. ಮನೆಗೆ ಬಂದು ಮೊದಲು ಮಾಡಿದ ಕೆಲಸ ಏನು ಗೊತ್ತಾ? ಒಡವೆ ಅಳೆಯುವ ವರ್ನಿಯರ್ ಮಾಪಕ ತೆಗೆದು ಬಾಯಿ ಅಳೆದುಕೊಂಡಿದ್ದು. ಮೇಲಿನ ಹಲ್ಲಿಂದ ಕೆಳಗಿನ ಹಲ್ಲಿಗೆ 24 ಮಿಲಿಮೀಟರ್. ಹೆಂಡತಿಯದು 43.

ಡಾಕ್ಟರ್ ಹೇಳಿದ್ದು ಸರಿಯೇ, ಒಂದು ದಿನ ಗೊತ್ತು ಮಾಡಿ ಪೂರ್ತಿ ನಿಲ್ಲಿಸುವುದು ಬಹಳ ಜನಕ್ಕೆ ಆಗುತ್ತದೆ. ನಾನೂ ಮಾಡಿದೆ. ಮೂರನೇ ದಿನ ಒಂದು ಜುಮಕಿಗೆ ಸಣ್ಣ ಚಿನ್ನದ ಗುಂಡು ಕೂರಿಸುತ್ತಿದ್ದೆ. ತಲೆ ಭಾರ, ಗಮನ ನಿಲ್ಲುತ್ತಿಲ್ಲ, ಬೆಂಕಿ ಒಂದು ಕ್ಷಣ ಹೆಚ್ಚಾಯಿತು, ಸಾಲು ಗುಂಡು ಕರಗಿ ಒಂದೇ ಉಂಡೆ. ಚಿನ್ನ ಎಲ್ಲಿಗೂ ಹೋಗುವುದಿಲ್ಲ, ನಿಜ. ಆದರೆ ನಾಲ್ಕು ದಿನದ ಕೆಲಸ ಹೋಯಿತು, ಮದುವೆ ಮನೆಯವರ ಮುಂದೆ ಮುಖ ಹೋಯಿತು, ಮಜೂರಿಯಲ್ಲಿ ಮೂರು ಸಾವಿರ ಮುರಿದುಕೊಂಡರು. ಅವತ್ತು ಸಂಜೆಯೇ ಮತ್ತೆ ಶುರು.

ತೂಕದ ಯೋಚನೆ ಬಂದಿದ್ದು 2020ರ ಲಾಕ್‌ಡೌನಿನ ನೆನಪಿನಿಂದ. ಆಗ ಪ್ಯಾಕೆಟ್ ಸಿಗುತ್ತಿರಲಿಲ್ಲ, ಸಿಕ್ಕರೂ ನಾಲ್ಕೈದು ಪಟ್ಟು ರೇಟು. ಮನೆಯಲ್ಲಿದ್ದ ಒಂದು ಡಬ್ಬಿ ಕಡ್ಡಿಪುಡಿಯನ್ನು ತಕ್ಕಡಿಯಲ್ಲಿ ಪಾಲು ಮಾಡಿ ಇಪ್ಪತ್ತು ದಿನ ದೂಡಿದ್ದೆ. ಆ ಇಪ್ಪತ್ತು ದಿನ ನಾನು ಸತ್ತಿರಲಿಲ್ಲ, ಯಾರನ್ನೂ ಹೊಡೆದೂ ಇರಲಿಲ್ಲ. ಅಂದರೆ ಕಡಿಮೆಯಲ್ಲೂ ನಡೆಯುತ್ತದೆ.

2022ರ ಸಂಕ್ರಾಂತಿ ಕಳೆದ ಮೇಲೆ ಶುರು ಮಾಡಿದೆ. ಮೊದಲು ಪ್ಯಾಕೆಟ್ ಬಿಟ್ಟು ಬಿಡಿ ಹೊಗೆಸೊಪ್ಪಿಗೆ ಬಂದೆ, ಪ್ಯಾಕೆಟ್ಟಿನಲ್ಲಿ ಏನು ಎಷ್ಟು ಅಂತ ನಮ್ಮ ಕೈಯಲ್ಲಿ ಇರುವುದಿಲ್ಲ. ಒಂದು ವಾರ ಸುಮ್ನೆ ತೂಗಿ ಬರೆದುಕೊಂಡೆ. ದಿನಕ್ಕೆ ಸುಮಾರು 12 ಗ್ರಾಂ. ಗುಲಗಂಜಿ ಅಂದರೆ 120 ಮಿಲಿಗ್ರಾಂ ಆಸುಪಾಸು, ನಮಗೆ ಹೇಳಬೇಕಾ. ಅಲ್ಲಿಗೆ ಸರಿಯಾಗಿ ನೂರು ಗುಲಗಂಜಿ. ಹೀಗೆ ಸರಿಯಾಗಿ ನೂರರ ಲೆಕ್ಕ ಬಂದಾಗಲೇ ಇದು ಆಗುತ್ತದೆ ಅನ್ನಿಸಿಬಿಟ್ಟಿತು. ಅಜ್ಜನ ಡಬ್ಬಿಯಿಂದ ನೂರು ಬೀಜ ಎಣಿಸಿ ತೆಗೆದೆ. ಬೆಳಗ್ಗೆ ಕೈತಕ್ಕಡಿಯ ಒಂದು ತಟ್ಟೆಗೆ ಬೀಜ, ಇನ್ನೊಂದಕ್ಕೆ ಹೊಗೆಸೊಪ್ಪು. ಸರಿತೂಕ ಆಗಿದ್ದು ಆ ದಿನದ ಪಾಲು, ಸ್ಟೀಲ್ ಡಬ್ಬಿಗೆ ಹೋಗುತ್ತದೆ. ಮಾರನೇ ದಿನ ಒಂದು ಬೀಜ ತೆಗೆದು ಬಾಟಲಿಗೆ. ತೊಂಬತ್ತೊಂಬತ್ತು. ಮತ್ತೊಂದು. ತೊಂಬತ್ತೆಂಟು.

ಎಲೆಕ್ಟ್ರಾನಿಕ್ ತಕ್ಕಡಿ ಇತ್ತು, ಬಳಸಲಿಲ್ಲ. ಅದರಲ್ಲಿ ಮನಸ್ಸು ಪಾಯಿಂಟ್ ಲೆಕ್ಕದಲ್ಲಿ ಕದಿಯುತ್ತದೆ. ಬೀಜ ಕಣ್ಣಿಗೆ ಕಾಣುತ್ತದೆ, ಬಾಟಲಿ ತುಂಬುವುದೂ ಕಾಣುತ್ತದೆ. ಒಂದು ಎಚ್ಚರಿಕೆ, ಗುಲಗಂಜಿ ವಿಷ, ಮಕ್ಕಳು ಕಚ್ಚಿದರೆ ಜೀವಕ್ಕೇ ಅಪಾಯ. ಮೊಮ್ಮಗಳು ಬಂದಾಗ ಬಾಟಲಿ ತಿಜೋರಿಯೊಳಗೆ.

ನಿಯಮ ಒಂದೇ. ಜಾರಿ ಜಾಸ್ತಿ ಹಾಕಿಕೊಂಡ ದಿನ ಬೀಜ ವಾಪಸ್ ಹಾಕುವಂತಿಲ್ಲ, ಮಾರನೇ ದಿನ ಅದೇ ಸಂಖ್ಯೆಯಲ್ಲಿ ನಿಲ್ಲುವುದು. ಹೀಗೆ ನಿಂತು ನಿಂತು ನೂರು ದಿನದ್ದು ನನಗೆ ನೂರಮೂವತ್ತು ನೂರಮೂವತ್ತೈದು ದಿನ ಹಿಡಿಯಿತು.

ಅರವತ್ತರವರೆಗೆ ಏನೂ ಅನ್ನಿಸಲಿಲ್ಲ. ಎಷ್ಟು ಸಲ ಹಾಕುತ್ತಿದ್ದೆನೋ ಅಷ್ಟೇ ಸಲ, ಚಿಟಿಕೆ ಮಾತ್ರ ಸಣ್ಣದು. ನಲವತ್ತೈದಕ್ಕೆ ಬಂದಾಗ ಓಣಿಯಲ್ಲಿ ಎದೆ ಉಬ್ಬಿಸಿಕೊಂಡು ಓಡಾಡಿದೆ. ಆದರೆ ಬಾಯಿ ಮಾತ್ರ ಜಾಸ್ತಿ ಸುಡುತ್ತಿದೆ. ಯಾಕೆ ಅಂತ ನೋಡಿದರೆ ಸುಣ್ಣ! ಹೊಗೆಸೊಪ್ಪು ಇಳಿದಂತೆ ಕೈ ತಾನಾಗಿ ಸುಣ್ಣ ಜಾಸ್ತಿ ಹಚ್ಚುತ್ತಿತ್ತು. ಸುಣ್ಣ ಬಿದ್ದರೆ ಅಷ್ಟೇ ಸೊಪ್ಪಿನಿಂದ ಜಾಸ್ತಿ ನಿಕೋಟಿನ್ ರಕ್ತಕ್ಕೆ ಹೋಗುತ್ತದೆ. ಅರ್ಧಕ್ಕೆ ಇಳಿಸಿದೆ ಅಂತ ಬೀಗಿದ್ದೆಲ್ಲ ಸುಣ್ಣದ ಕರಾಮತ್ತು. ಅವತ್ತಿಂದ ಸುಣ್ಣವನ್ನೂ ತೂಗಿದೆ. ನಿಜವಾದ ಕಷ್ಟ ಶುರುವಾಗಿದ್ದು ಆಗ.

ಯಾರೂ ಬಾಯಿಬಿಟ್ಟು ಹೇಳದ ಮಾತು ಹೇಳುತ್ತೇನೆ. ಬೆಳಗ್ಗೆ ಹೊಗೆಸೊಪ್ಪು ಹಾಕದೆ ಪಾಯಿಖಾನೆಗೆ ಆಗುವುದಿಲ್ಲ. ನಾಲ್ಕು ದಿನ ಆಗಲಿಲ್ಲ. ಇಸಬಗೋಲು, ಬಿಸಿ ನೀರು, ಪಪ್ಪಾಯಿ, ಬೆಳಗ್ಗೆ ತುಂಗಾ ಸೇತುವೆವರೆಗೆ ನಡಿಗೆ, ಎಲ್ಲ ಸೇರಿ ಎರಡು ವಾರಕ್ಕೆ ದಾರಿಗೆ ಬಂತು. ರಾತ್ರಿ ಮೂರು ಗಂಟೆಗೇ ಎಚ್ಚರ. ಬಾಯಲ್ಲಿ ಹುಣ್ಣು. ಸಿಟ್ಟು ಅಂದರೆ ಸಿಟ್ಟು, ಗಿರಾಕಿ "ಇವತ್ತು ಕೊಡ್ತೀರಾ?" ಅಂದರೆ ಸಾಕು, ಮೈ ಉರಿಯುತ್ತಿತ್ತು. ಹಸಿವೂ ವಿಪರೀತ, ಐದು ಕೆಜಿ ಏರಿದೆ. ಈ ದಿನಗಳಿಗೆ ನಾನು ಮಾಡಿದ ಉಪಾಯ, ಸಣ್ಣ ಬೆಸುಗೆಯ ಕೆಲಸ ಒಪ್ಪಿಕೊಳ್ಳಲಿಲ್ಲ. ಬರೀ ಪಾಲಿಶ್, ತಂತಿ ಎಳೆಯುವುದು, ಹಳೇ ಸರದ ರಿಪೇರಿ. ಒಂದೂವರೆ ತಿಂಗಳು, ಹದಿನೈದಿಪ್ಪತ್ತು ಸಾವಿರ ಕಮ್ಮಿ ಸಂಪಾದನೆ. ಕರಗಿದ ಜುಮಕಿ ನೆನೆಸಿಕೊಂಡರೆ ಅಗ್ಗ.

ಬಾಯಿಗೆ ಬದಲಿ ಏನು ಅಂತ ಹುಡುಕಿದ್ದೇ ಒಂದು ದೊಡ್ಡ ಕಥೆ. ಹುರಿದ ಹುಣಸೆ ಬೀಜ ಜಗಿದೆ, ದವಡೆ ಹಲ್ಲಿನ ಸಿಮೆಂಟ್ ಕಿತ್ತು ಬಂತು, ಎಂಟುನೂರು ರೂಪಾಯಿ. ಲವಂಗ ಸುಟ್ಟಿತು. ಕೊಬ್ಬರಿ ಚೂರು ಚೆನ್ನಾಗಿತ್ತು, ಕೆಮ್ಮು ಬಂತು. ಶುಂಠಿ ಉಪ್ಪು ಹಾಕಿ ಒಣಗಿಸಿದ್ದು ನಾಲ್ಕು ದಿನಕ್ಕೆ ಬೇಜಾರು. ಕೊನೆಗೆ ನಿಂತಿದ್ದು ನಾನೇ ಮಾಡಿದ ಒಂದು ಮಿಶ್ರಣ. ಸೋಂಪು, ಒಣಗಿಸಿದ ಬೆಟ್ಟದ ನೆಲ್ಲಿ, ಮತ್ತೊಂದು. ಆ ಮತ್ತೊಂದನ್ನು ಹೇಳುವುದಿಲ್ಲ, ತಂಗಿಯ ಮಗ ಅದನ್ನು ಪ್ಯಾಕೆಟ್ ಮಾಡಿ ಮಾರಬೇಕು ಅಂತಿದ್ದಾನೆ, ಅವನ ಹೊಟ್ಟೆ ಮೇಲೆ ಯಾಕೆ ಹೊಡೆಯಲಿ. ಅಡುಗೆ ಮನೆಯದೇ ಸಾಮಾನು, ಇಷ್ಟು ಸಾಕು.

ಅಡಿಕೆ ವಿಷಯದಲ್ಲಿ ನಾನು ಮೂರ್ಖನಾದೆ. ಹೊಗೆಸೊಪ್ಪು ಇಳಿಸುತ್ತಾ ಅಡಿಕೆ ಜಗಿಯುತ್ತಲೇ ಇದ್ದೆ. ನಮ್ಮದು ಅಡಿಕೆ ಸೀಮೆ, ಅದನ್ನು ಚಟ ಅಂತ ಯಾರು ಲೆಕ್ಕ ಹಾಕುತ್ತಾರೆ? ಡಾಕ್ಟರ್ ಬೈದರು. ಬಾಯಿ ಬಿಗಿಯುವುದು ಮುಖ್ಯವಾಗಿ ಅಡಿಕೆಯಿಂದ, ಸೊಪ್ಪು ಬಿಟ್ಟು ಅಡಿಕೆ ಇಟ್ಟುಕೊಂಡರೆ ಬಾಯಿ ಬಿಗಿಯುತ್ತಲೇ ಹೋಗುತ್ತದೆ ಅಂದರು. ಅಡಿಕೆಯನ್ನು ತೂಗಲಿಲ್ಲ, ಮೂವತ್ತನೇ ಬೀಜದ ದಿನ ಒಂದೇ ಸಲ ನಿಲ್ಲಿಸಿದೆ. ಚಳಿಯಲ್ಲಿ ಮೈ ಬೆಚ್ಚಗಾಗುವುದು ನಿಂತುಹೋದ ಹಾಗೆ ಮಂಕು ಕವಿಯಿತು, ಹತ್ತು ದಿನ. ಈಗ ತಾಂಬೂಲ ಕೊಟ್ಟರೆ ಕೈಯಲ್ಲಿ ಹಿಡಿದು ನಮಸ್ಕಾರ ಮಾಡಿ ಹೆಂಡತಿಗೆ ಕೊಡುತ್ತೇನೆ. ಅವಳು ದೇವರ ಮುಂದೆ ಇಡುತ್ತಾಳೆ.

ಹದಿನೈದು ಬೀಜದ ಕೆಳಗೆ ತೂಕಕ್ಕೆ ಅರ್ಥವಿಲ್ಲ. ಅಷ್ಟು ಸೊಪ್ಪು ನನಗೆ ಬರೀ ವಾಸನೆ ಅನ್ನಿಸುತ್ತಿತ್ತು, ಮನಸ್ಸಿಗೆ ಹಟ ಜಾಸ್ತಿ. ಹನ್ನೆರಡರ ದಿನ ಭದ್ರಾವತಿಯಲ್ಲಿ ಒಂದು ಮದುವೆ, ಷಡ್ಡಕ ಕರೆದು ಪ್ಯಾಕೆಟ್ ಕೊಟ್ಟ, ಹಾಕಿಕೊಂಡೆ. ಒಂದಲ್ಲ, ನಾಲ್ಕು. ರಾತ್ರಿ ಬಸ್ಸಿನಲ್ಲಿ ಬರುತ್ತಾ ಖಾಲಿ ಪ್ಯಾಕೆಟ್ ಮೇಲಿದ್ದ, ಹೊಗೆಸೊಪ್ಪು ಬಿಡುವವರಿಗೆ ಇರುವ ಸಹಾಯವಾಣಿಯ ನಂಬರ್ ಕಣ್ಣಿಗೆ ಬಿತ್ತು, 1800-11-2356. ಮಾರನೇ ದಿನ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು, ಬೈಯಲಿಲ್ಲ, ಆಮೇಲೂ ಅವರೇ ಒಂದೆರಡು ಸಲ ಫೋನ್ ಮಾಡಿ ವಿಚಾರಿಸಿದರು. ಡಾಕ್ಟರ್ ಹತ್ತಿರ ಗಮ್ ಹೇಗೆ ಅಂತ ಕೇಳಿಕೊಂಡೆ. ನಿಧಾನ ಜಗಿ, ಜುಮ್ಮೆಂದ ತಕ್ಷಣ ನಿಲ್ಲಿಸಿ ಕೆನ್ನೆಯಲ್ಲಿ ಒತ್ತರಿಸು, ಮತ್ತೆ ಜಗಿ. ಹಾಕುವ ಮೊದಲು ಕಾಲು ಗಂಟೆ, ಬಾಯಲ್ಲಿ ಇರುವಷ್ಟು ಹೊತ್ತೂ ಟೀ ಕಾಫಿ ಬೇಡ. ಒತ್ತರಿಸುವುದು ನಮಗೆ ಕಲಿಸಬೇಕಾ! ಹನ್ನೆರಡು ಬೀಜವನ್ನೂ ಬಾಟಲಿಗೆ ಸುರಿದು ಗಮ್ಮಿಗೆ ಬಂದೆ. ದಿನಕ್ಕೆ ನಾಲ್ಕು, ಆಮೇಲೆ ಎರಡು, ಎರಡು ತಿಂಗಳು, ಎರಡು ಸಾವಿರದ ಚಿಲ್ಲರೆ ಖರ್ಚು. ಸಂಜೆ ಆರೂವರೆಗೆ ಗೂಡಂಗಡಿ ದಾರಿ ತಪ್ಪಿಸೋಕೆ ಒಂದು ಉಪಾಯ ಮಾಡಿದ್ದೆ, ಅದು ಮನೆಯ ವಿಷಯ, ಬೇಡ ಬಿಡಿ.

ಬಾಯಿ ಪೂರ್ತಿ ಸರಿಹೋಗಿಲ್ಲ, ಹೋಗುವುದೂ ಇಲ್ಲವಂತೆ. ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಇಟ್ಟು ಹಲ್ಲಿನ ಮಧ್ಯೆ ತೂರಿಸುವ ವ್ಯಾಯಾಮ ದಿನಾ ಮಾಡುತ್ತೇನೆ. ಮೊದಲು ಹದಿಮೂರು ಕಡ್ಡಿ, ಈಗ ಹದಿನೇಳು. ವರ್ನಿಯರಿನಲ್ಲಿ 31 ಮಿಲಿಮೀಟರ್. ಆರು ತಿಂಗಳಿಗೊಮ್ಮೆ ತೋರಿಸಿಕೊಂಡು ಬರುತ್ತೇನೆ. ಸಣ್ಣ ಬೆಸುಗೆಗೆ ಮತ್ತೆ ಬಾಯಲ್ಲೇ ಊದುತ್ತೇನೆ, ಮೊದಲಿನಷ್ಟು ಹೊತ್ತು ಆಗುವುದಿಲ್ಲ. ಕೈ ಮಾತ್ರ ಮೊದಲಿಗಿಂತ ನಿಂತಿದೆ, ಬೇಕಾದರೆ ನನ್ನ ಈಗಿನ ಮೂಗುಬೊಟ್ಟು ನೋಡಿ, ಈ ಓಣಿಯಲ್ಲಿ ಅಷ್ಟು ಸಣ್ಣ ಗುಂಡು ಕೂರಿಸುವವರು ಇನ್ನೊಬ್ಬರಿಲ್ಲ.

ಪಣದ ಬೆಳ್ಳಿ ಆಚಾರ್ರು ಇನ್ನೂ ಕೊಟ್ಟಿಲ್ಲ. ಹೋದ ತಿಂಗಳು ಅಂಗಡಿ ಮುಚ್ಚುವ ಹೊತ್ತಿಗೆ ಬಂದು, ಅತ್ತಿತ್ತ ನೋಡಿ, ಜೇಬಿಂದ ಒಂದು ಪೊಟ್ಟಣ ತೆಗೆದು ತಕ್ಕಡಿ ಪಕ್ಕ ಇಟ್ಟರು. ದಿನದ ಸೊಪ್ಪು. ತೂಗಿದೆ. ನನ್ನ ನೂರೂ ಬೀಜ ಹಾಕಿದರೂ ತಟ್ಟೆ ಏಳಲಿಲ್ಲ.

"ಇನ್ನೊಂದು ನಲವತ್ತು ಬೇಕಾಗುತ್ತೆ ಆಚಾರ್ರೇ, ನಿಮ್ಮ ಮನೇಲಿ ಗುಲಗಂಜಿ ಇದೆಯಾ?" ಅಂದೆ.

"ನಮ್ಮಪ್ಪನ ಪೆಟ್ಟಿಗೇಲಿ ಇರಬೇಕು, ನಾಳೆ ತರ್ತೀನಿ" ಅಂದರು.