ವ್ಯಾಲೆಟ್ಟಾ ಕೋಟೆ ನೋಡಬೇಕೇ? ಎದುರು ದಡದಿಂದ ಹೊರಡಿ

ಮಾಲ್ಟಾದ ರಾಜಧಾನಿ ವ್ಯಾಲೆಟ್ಟಾಕ್ಕೆ ಬರುವ ಹೆಚ್ಚಿನವರು ಬಸ್ ನಿಲ್ದಾಣದಲ್ಲಿ ಇಳಿದು, ಎದುರಿಗಿರುವ ನಗರದ್ವಾರ ದಾಟಿ, ರಿಪಬ್ಲಿಕ್ ಸ್ಟ್ರೀಟ್‌ನಲ್ಲಿ ಒಂದು ಸುತ್ತು ಹಾಕಿ ಹಿಂದಿರುಗುತ್ತಾರೆ. ಪೇಟೆ ನೋಡಿದಂತಾಗುತ್ತದೆ, ಕೋಟೆ ಕಣ್ಣಿಗೇ ಬಿದ್ದಿರುವುದಿಲ್ಲ. ಈ ಊರು ಹುಟ್ಟಿದ್ದೇ ಬಂದರಿನ ಕಾವಲಿಗೆ. ಅದನ್ನು ನೀರಿನ ಆಚೆಯಿಂದ, ಅಂದರೆ ಎದುರು ದಡದ ಬಿರ್ಗು ಎಂಬ ಹಳೆಯ ಊರಿನಿಂದ ನೋಡಲು ಶುರು ಮಾಡಿದರೆ ಎಲ್ಲವೂ ಅರ್ಥವಾಗುತ್ತಾ ಹೋಗುತ್ತದೆ. ಒಂದು ಪೂರ್ತಿ ದಿನ ಸಾಕು.

ಇತಿಹಾಸ ನಡೆದದ್ದೂ ಇದೇ ಕ್ರಮದಲ್ಲಿ. ಕ್ರೈಸ್ತ ಯೋಧ-ಸನ್ಯಾಸಿಗಳಾದ ಸೇಂಟ್ ಜಾನ್ ಪಂಥದ ನೈಟ್‌ಗಳು 1530ರಲ್ಲಿ ಮಾಲ್ಟಾಕ್ಕೆ ಬಂದಾಗ ನೆಲೆಸಿದ್ದು ಬಿರ್ಗುವಿನಲ್ಲಿ. ಎದುರಿನ ಗುಡ್ಡ ಆಗ ಬರಿದಾಗಿತ್ತು; ಅದರ ತುದಿಯಲ್ಲಿ ಸೇಂಟ್ ಎಲ್ಮೊ ಎಂಬ ಸಣ್ಣ ಕೋಟೆಯನ್ನು 1552ರಲ್ಲಷ್ಟೇ ಕಟ್ಟಿದರು. 1565ರ ಮೇ ತಿಂಗಳಲ್ಲಿ ತುರ್ಕಿಯ ಆಟೊಮನ್ ಸೇನೆ ಮುತ್ತಿಗೆ ಹಾಕಿತು. ಜೂನ್ 23ರಂದು ಸೇಂಟ್ ಎಲ್ಮೊ ಬಿತ್ತು, ಬಿರ್ಗು ಬೀಳಲಿಲ್ಲ. ಸೆಪ್ಟೆಂಬರ್ ಹೊತ್ತಿಗೆ ಮುತ್ತಿಗೆ ತೆರವಾಯಿತು. ಆ ಗುಡ್ಡವನ್ನು ಬರಿದಾಗಿ ಬಿಟ್ಟರೆ ಮತ್ತೆ ಅಪಾಯ ಎಂಬುದು ಮನವರಿಕೆಯಾಗಿ, 1566ರ ಮಾರ್ಚ್ 28ರಂದು ಹೊಸ ನಗರಕ್ಕೆ ಅಡಿಗಲ್ಲು ಹಾಕಿದರು. ಪಂಥದ ಮುಖ್ಯಸ್ಥ ಜಾನ್ ದ ವ್ಯಾಲೆಟ್ ಹೆಸರೇ ಊರಿಗೆ ಬಂತು. ನಕ್ಷೆ ಬರೆದವನು ಇಟಲಿಯ ಎಂಜಿನಿಯರ್ ಫ್ರಾನ್ಚೆಸ್ಕೊ ಲಾಪರೆಲ್ಲಿ.

ಹೊರಡುವ ಮೊದಲು

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ 6 ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು. 15 ದಿನಕ್ಕಿಂತ ಕಡಿಮೆ ಉಳಿದಿದ್ದರೆ ತಡವಾಯಿತು. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರವಾಸ ವಿಮೆ ಕಡ್ಡಾಯ. ಮಾಲ್ಟಾದ ಪ್ಲಗ್ ಬ್ರಿಟನ್ನಿನ ಮೂರು ಚಪ್ಪಟೆ ಪಿನ್ನಿನದು. ಯುರೋಪಿನದೆಂದು ಎರಡು ದುಂಡು ಪಿನ್ನಿನ ಅಡಾಪ್ಟರ್ ಒಯ್ದರೆ ಅದು ಅಲ್ಲಿ ಕೂರುವುದಿಲ್ಲ.

ಏಪ್ರಿಲ್-ಮೇ ಅಥವಾ ಅಕ್ಟೋಬರ್ ಒಳ್ಳೆಯ ಕಾಲ. ಜುಲೈ-ಆಗಸ್ಟ್‌ನಲ್ಲಿ ಕೋಟೆಯ ಮೇಲೆ ನೆರಳೇ ಸಿಗದು. ತಿಳಿಹಳದಿ ಸುಣ್ಣಕಲ್ಲಿನಿಂದ ಬಿಸಿಲು ಮುಖಕ್ಕೆ ತಿರುಗಿ ಹೊಡೆಯುತ್ತದೆ. ಇದೇ ಕಲ್ಲು ಮೆಟ್ಟಿಲುಗಳ ಮೇಲೆ ಕಾಲ್ತುಳಿತಕ್ಕೆ ಸವೆದು ನುಣುಪಾಗಿದೆ. ಒಂದು ಮಳೆ ಬಿದ್ದರೂ ಜಾರುತ್ತದೆ, ಹಿಡಿತವಿರುವ ರಬ್ಬರ್ ಅಟ್ಟೆಯ ಶೂ ಇರಲಿ.

ಬೆಳಿಗ್ಗೆ: ಬಿರ್ಗು

ವ್ಯಾಲೆಟ್ಟಾ ನಿಲ್ದಾಣದಿಂದ 2ನೇ ನಂಬರಿನ ಬಸ್ ಬಿರ್ಗುವಿಗೆ ಹೋಗುತ್ತದೆ. ಬಸ್ ಇಳಿದು ಕೋಟೆಬಾಗಿಲ ಮೂಲಕವೇ ಒಳಗೆ ಹೋಗಿ. ಮೊದಲು ಇನ್‌ಕ್ವಿಸಿಟರ್ ಅರಮನೆ: ಧರ್ಮ ವಿಚಾರಣೆಯ ಈ ಕಟ್ಟಡದ ಸೆರೆಕೋಣೆಗಳಲ್ಲಿ ಕೈದಿಗಳು ಗೋಡೆಯ ಮೆದು ಕಲ್ಲಿನ ಮೇಲೆ ಗೀರಿದ ಗುರುತುಗಳು ಹಾಗೇ ಉಳಿದಿವೆ. ಅಲ್ಲಿಂದ ಊರಿನ ತುದಿಗೆ ನಡೆದರೆ ಸೇಂಟ್ ಏಂಜೆಲೊ ಕೋಟೆ. ಮುತ್ತಿಗೆಯಲ್ಲಿ ನೈಟ್‌ಗಳ ಮುಖ್ಯ ಠಾಣ್ಯ ಇದೇ. ಪಕ್ಕದ ಸೆಂಗ್ಲಿಯಾಕ್ಕೂ ಬಿರ್ಗುವಿಗೂ ನಡುವಿನ ನೀರಿಗೆ ಆಗ ದಪ್ಪ ಕಬ್ಬಿಣದ ಸರಪಳಿ ಬಿಗಿದು ಹಡಗುಗಳನ್ನು ತಡೆದಿದ್ದರು.

ಕೋಟೆಯ ಮೇಲಿಂದ ವ್ಯಾಲೆಟ್ಟಾ ನೋಡಿ. ಅದು ಇಲ್ಲಿಂದ ವಾಯವ್ಯಕ್ಕಿದೆ, ಬೆಳಗಿನ ಬಿಸಿಲು ಅದರ ಗೋಡೆಗಳ ಮೇಲೆ ನೇರವಾಗಿ ಬೀಳುತ್ತದೆ. ಕೊತ್ತಲಗಳ ಒಂದೊಂದು ಅಂಚೂ ಕಡೆದಿಟ್ಟಂತೆ ಕಾಣುತ್ತದೆ. ಫೋಟೊ ತೆಗೆಯುವುದಿದ್ದರೆ ಈಗಲೇ. ಸಂಜೆ ಇಲ್ಲಿಗೆ ಬಂದರೆ ಸೂರ್ಯ ಕಣ್ಣಿಗೆ ಹೊಡೆದು ಊರೆಲ್ಲ ಕಪ್ಪು ಗೆರೆಯಾಗಿಬಿಡುತ್ತದೆ.

ನೀರು ದಾಟುವುದು

11 ಗಂಟೆ ಹೊತ್ತಿಗೆ ಕಟ್ಟೆಗೆ ಇಳಿಯಿರಿ. ಇಲ್ಲಿನ ಸಾಂಪ್ರದಾಯಿಕ ದೋಣಿಗೆ ದೈಸಾ ಎನ್ನುತ್ತಾರೆ, ಎರಡೂ ತುದಿ ಮೇಲಕ್ಕೆ ಚಾಚಿ ಬಣ್ಣ ಬಳಿದುಕೊಂಡಿರುತ್ತದೆ. ಕೂರುವ ಮೊದಲೇ ದರ ಕೇಳಿಕೊಳ್ಳಿ. ಬೇಡವೆಂದರೆ ಫೆರ್ರಿ ಇದೆ. ಆದರೆ ಬಂದರಿನ ಬಾಯಿ ಈಶಾನ್ಯಕ್ಕೆ ತೆರೆದುಕೊಂಡಿದೆ. ಚಳಿಗಾಲದಲ್ಲಿ ಗ್ರಿಗಾಲ್ ಎಂಬ ಈಶಾನ್ಯದ ಗಾಳಿ ಎದ್ದರೆ ಅಲೆ ಸೀದಾ ಒಳಗೇ ನುಗ್ಗುತ್ತದೆ, ದೋಣಿಗಳು ನಿಲ್ಲುತ್ತವೆ. ಅಂಥ ದಿನ ಮತ್ತೆ 2ನೇ ನಂಬರ್ ಬಸ್ಸೇ ಗತಿ.

ಆಚೆ ದಡದ ಲಾಸ್ಕಾರಿಸ್ ಕಟ್ಟೆಯಿಂದ 58 ಮೀಟರ್ ಎತ್ತರದ ಬರ್ರಾಕ್ಕಾ ಲಿಫ್ಟ್ ಮೇಲಿನ ಉದ್ಯಾನಕ್ಕೆ ಒಯ್ಯುತ್ತದೆ. ಉದ್ಯಾನದ ಕೆಳಗಿನ ಹಂತದಲ್ಲಿ ಫಿರಂಗಿ ಸಾಲು, ಇಂಗ್ಲಿಷಿನಲ್ಲಿ ಬ್ಯಾಟರಿ; ಮಂಗಳೂರಿನ ಸುಲ್ತಾನ್ ಬತ್ತೇರಿ ಬಲ್ಲವರಿಗೆ ಬತ್ತೇರಿ ಎಂದರೆ ಏನೆಂದು ಹೇಳಬೇಕಿಲ್ಲ. ಮಧ್ಯಾಹ್ನ 12ಕ್ಕೂ ಸಂಜೆ 4ಕ್ಕೂ ತೋಪು ಹಾರಿಸುತ್ತಾರೆ. ಕಾಲು ಗಂಟೆ ಮುಂಚೆ ಹೋಗದಿದ್ದರೆ ಕಟಕಟೆಯ ಹತ್ತಿರ ಜಾಗ ಸಿಗುವುದಿಲ್ಲ. ಮಕ್ಕಳ ಕಿವಿ ಮುಚ್ಚಿ, ಸದ್ದು ನಿಜಕ್ಕೂ ದೊಡ್ಡದು.

ಮಧ್ಯಾಹ್ನ: ಸೇಂಟ್ ಜಾನ್ ಚರ್ಚ್

ಊಟಕ್ಕೆ ಪಾಸ್ತಿತ್ಸಿ ಸಾಕು: ಪದರ ಪದರದ ಹಿಟ್ಟಿನೊಳಗೆ ರಿಕೊಟ್ಟಾ ಗಿಣ್ಣು ಅಥವಾ ಬಟಾಣಿ. ಸಸ್ಯಾಹಾರಿಗಳು ಹಿಟ್ಟಿಗೆ ಹಂದಿಯ ಕೊಬ್ಬು ಹಾಕಿದ್ದಾರೆಯೇ ಎಂದು ಕೇಳಿಯೇ ಕೊಳ್ಳಬೇಕು, ಹಳೆಯ ಪದ್ಧತಿಯಲ್ಲಿ ಹಾಕುವುದುಂಟು.

ಸೇಂಟ್ ಜಾನ್ ಚರ್ಚಿಗೆ ಕನಿಷ್ಠ ಒಂದೂವರೆ ಗಂಟೆ ಕೊಡಿ. ಭಾನುವಾರ ಪ್ರವಾಸಿಗರಿಗೆ ಪ್ರವೇಶವಿಲ್ಲ. ಆ ದಿನ ಬಂದವರ ಇಡೀ ಯೋಜನೆ ಕೆಡುತ್ತದೆ. ಸರಕಾರಿ ಸ್ಮಾರಕಗಳ ಒಟ್ಟು ಪಾಸ್ ಇಲ್ಲಿ ನಡೆಯುವುದಿಲ್ಲ, ಟಿಕೆಟ್ ಬೇರೆಯೇ. ಭುಜ ಮುಚ್ಚಿರಬೇಕು. ಚೂಪು ಹಿಮ್ಮಡಿಯ ಚಪ್ಪಲಿಗೂ ನಿಷೇಧ, ಏಕೆಂದರೆ ನೆಲವೆಲ್ಲ ಸುಮಾರು 400 ನೈಟ್‌ಗಳ ಸಮಾಧಿಗಳ ಬಣ್ಣದ ಅಮೃತಶಿಲೆ. ದೇಹದ ಭಾರವೆಲ್ಲ ಒಂದು ಮೊನೆಯ ಮೇಲೆ ಬಿದ್ದರೆ ಕೂರಿಸಿದ ಚೂರುಗಳು ಏಳುತ್ತವೆ.

ಪಕ್ಕದ ಪ್ರಾರ್ಥನಾಮಂದಿರದಲ್ಲಿ ಇಟಲಿಯ ಚಿತ್ರಕಾರ ಕರವಾಜ್ಜೊ 1608ರಲ್ಲಿ ಬರೆದ, ಸಂತ ಜಾನ್‌ನ ಶಿರಚ್ಛೇದದ ಚಿತ್ರವಿದೆ. ಅಗಲ ಐದು ಮೀಟರಿಗೂ ಹೆಚ್ಚು. ಮೊದಲು ಹಿಂದಿನ ಗೋಡೆಯ ಬಳಿ ನಿಂತು ನೋಡಿ. ಬಲಗಡೆಯ ಅರ್ಧ ಬಹುಪಾಲು ಬರಿಗೋಡೆ, ಅಲ್ಲಿನ ಕಿಟಕಿಯಿಂದ ಇಬ್ಬರು ಕೈದಿಗಳು ಇಣುಕುತ್ತಿದ್ದಾರೆ. ಆಮೇಲೆ ಬಿಡುವಷ್ಟು ಹತ್ತಿರ ಹೋಗಿ, ಸಂತನ ಕೊರಳಿಂದ ನೆಲಕ್ಕೆ ಹರಿದ ರಕ್ತವನ್ನು ನೋಡಿ. ಆ ಕೆಂಪಿನಲ್ಲೇ ಕಲಾವಿದನ ಹೆಸರಿದೆ. ಅವನು ಸಹಿ ಮಾಡಿದ್ದು ಈ ಒಂದೇ ಚಿತ್ರಕ್ಕೆ. ಅದೇ ವರ್ಷ ಜುಲೈನಲ್ಲಿ ಅವನನ್ನು ನೈಟ್ ಮಾಡಿದ್ದ ಪಂಥ, ಡಿಸೆಂಬರಿನಲ್ಲಿ ಇದೇ ಕೋಣೆಯಲ್ಲಿ ಸಭೆ ಸೇರಿ ಅವನನ್ನು ಹೊರಹಾಕಿತು. ಅಷ್ಟರಲ್ಲಿ ಅವನು ಸೆರೆಯಿಂದ ತಪ್ಪಿಸಿಕೊಂಡು ದ್ವೀಪವನ್ನೇ ಬಿಟ್ಟಿದ್ದ.

ಸಂಜೆ

ಹೊರಬಂದು ರಿಪಬ್ಲಿಕ್ ಸ್ಟ್ರೀಟ್ ಹಿಡಿದು ಸೇಂಟ್ ಎಲ್ಮೊವರೆಗೆ ಇಳಿಯಿರಿ. ಒಳಗೆ ಯುದ್ಧ ವಸ್ತುಸಂಗ್ರಹಾಲಯವಿದೆ, ಪ್ರವೇಶ ಮುಗಿಯುವ ಹೊತ್ತನ್ನು ಮೊದಲೇ ನೋಡಿಟ್ಟುಕೊಳ್ಳಿ. ಅಡ್ಡಬೀದಿಗಳು ಮೆಟ್ಟಿಲಾಗಿ ಕಡಿದಾಗಿ ಇಳಿಯುತ್ತವೆ, ಮಂಡಿನೋವಿರುವವರು ಉದ್ದದ ಬೀದಿಗಳಲ್ಲೇ ಇರುವುದು ಒಳಿತು.

ಸೂರ್ಯ ಮುಳುಗುವ ಒಂದು ಗಂಟೆ ಮೊದಲು ಮತ್ತೆ ಬರ್ರಾಕ್ಕಾ ಉದ್ಯಾನಕ್ಕೆ ಬನ್ನಿ. ಈಗ ಬೆಳಕು ಬೆನ್ನ ಹಿಂದಿನಿಂದ ಬರುತ್ತದೆ. ಬೆಳಿಗ್ಗೆ ನೀವು ನಿಂತಿದ್ದ ಸೇಂಟ್ ಏಂಜೆಲೊ ಗೋಡೆ ಜೇನಿನ ಬಣ್ಣಕ್ಕೆ ತಿರುಗಿರುತ್ತದೆ.