ಅಡಿಕೆ ಹಾಳೆಯಲ್ಲೊಂದು ಹಿಮನದಿ

ನಮ್ಮ ತೀರ್ಥಹಳ್ಳಿ ಕಡೆಯ ಮಕ್ಕಳಿಗೆ ಮಳೆ ಚೆನ್ನಾಗಿ ಗೊತ್ತು, ಹಿಮನದಿ ತೋರಿಸೋದು ಹೇಗೆ? ಅಗಲವಾದ ಅಡಿಕೆ ಹಾಳೆ ತನ್ನಿ, ಒಂದು ತುದಿಗೆ ಕಲ್ಲು ಕೊಟ್ಟು ಎತ್ತರಿಸಿ. ಇದೇ ಕಣಿವೆ. ಮೇಲೆ ದೊಡ್ಡ ಮಂಜುಗಡ್ಡೆ ಇಟ್ಟು, ಅದರ ಮುಂದೆ ಮರಳು, ಜಲ್ಲಿ, ಸ್ವಲ್ಪ ಜೇಡಿಮಣ್ಣು ಕಲಸಿ ಒಡ್ಡು ಕಟ್ಟಿ. ಜಾಸ್ತಿ ಗಟ್ಟಿ ಮಾಡಬೇಡಿ, ಯಾಕಂದ್ರೆ ಹಿಮನದಿ ತಳ್ಳಿ ತಂದು ಬಿಟ್ಟುಹೋಗುವ ಮೊರೇನ್ ರಾಶಿಯೂ ಸಡಿಲವೇ.

ಬಿಸಿಲಿಗಿಡಿ. ಗಡ್ಡೆ ಕರಗುತ್ತಾ ಹಿಂದೆ ಸರಿಯುತ್ತದೆ, ಬಿಟ್ಟ ಜಾಗದಲ್ಲಿ ಕೆರೆ ತುಂಬುತ್ತದೆ.

ಈಗ ಕೆರೆಗೆ ಪಕ್ಕದಿಂದ ಒಂದು ಹಿಡಿ ಮಣ್ಣು ಕುಸಿಸಿ. ಅಲೆ ಎದ್ದು ಒಡ್ಡು ಕೊರೆದುಹೋಗುತ್ತದೆ, ಅಲ್ವಾ? 2023ರ ಅಕ್ಟೋಬರ್‌ನಲ್ಲಿ ಸಿಕ್ಕಿಂನ ದಕ್ಷಿಣ ಲೊನಾಕ್ ಸರೋವರ ಒಡೆದದ್ದೂ ಹೀಗೇ, ಕೆಳಗೆ ಚುಂಗ್‌ಥಾಂಗ್ ಅಣೆಕಟ್ಟೆಯೇ ಕೊಚ್ಚಿಹೋಯಿತು. ಹಾಳೆಯ ಕೆಳತುದಿಯಲ್ಲಿ ಬೆಂಕಿಪೊಟ್ಟಣದ ಮನೆಗಳನ್ನೂ ಇಡಿ.